ಸಿಹಿಕುಂಬಳ: ಆರಿಸೋದು ಹೇಗೆ, ಕೆಡದಂತೆ ಇಡೋದು ಹೇಗೆ

ಕುಂಬಳಕಾಯಿ ಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಯಾವಾಗ ಕತ್ತರಿಸುತ್ತೀರಿ? ಈ ವಾರವೇ ಅಡುಗೆಗೆ ಬೇಕಾದರೆ ಆರಿಸುವ ರೀತಿ ಬೇರೆ, ಎರಡು ಮೂರು ತಿಂಗಳು ಇಟ್ಟು ಬಳಸಬೇಕು ಅಂದರೆ ಆರಿಸುವ ರೀತಿಯೇ ಬೇರೆ. ಹೆಚ್ಚಿನವರು ಇದನ್ನು ಯೋಚಿಸೋದೇ ಇಲ್ಲ. ಬಣ್ಣ ಚೆನ್ನಾಗಿದೆ, ಗುಂಡಗೆ ಮುದ್ದಾಗಿದೆ ಅಂತ ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟುಬಿಡುತ್ತಾರೆ, ತಿಂಗಳಾದ ಮೇಲೆ ನೆನಪಾಗಿ ಎತ್ತಲು ಹೋದರೆ ತಳ ಕೊಳೆತು ನೆಲಕ್ಕೆ ಅಂಟಿಕೊಂಡಿರುತ್ತದೆ. ಆಮೇಲೆ 'ಕುಂಬಳಕಾಯಿ ಎಷ್ಟು ದಿನ ಇಟ್ಟರೂ ಕೆಡಲ್ಲ ಅಂತಾರಲ್ಲ' ಅಂತ ಬೇಜಾರು. ಅದು ಅರ್ಧ ಮಾತು. ಚೆನ್ನಾಗಿ ಬಲಿತ, ಗಾಯವಿಲ್ಲದ, ತೊಟ್ಟು ಗಟ್ಟಿಯಿರುವ ಕಾಯಿ ಬೇಗ ಕೆಡಲ್ಲ. ಅದೂ ಸರಿಯಾದ ಜಾಗದಲ್ಲಿ ಇಟ್ಟರೆ.

ಬಳ್ಳಿಯಿಂದ ಬಿಡಿಸಿದ ಮೇಲೂ ಕಾಯಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತಲೇ ಇರುತ್ತದೆ. ಒಳಗೆ ಕೂಡಿಟ್ಟ ಪಿಷ್ಟ ನಿಧಾನಕ್ಕೆ ಸಕ್ಕರೆ ಆಗುತ್ತದೆ, ಆ ಸಕ್ಕರೆ ಉಸಿರಾಟಕ್ಕೆ ಖರ್ಚಾಗುತ್ತದೆ, ಜೊತೆಗೆ ನೀರೂ ಸ್ವಲ್ಪ ಸ್ವಲ್ಪ ಆರುತ್ತದೆ. ಸೆಕೆಯಲ್ಲಿ ಈ ಖರ್ಚು ಬೇಗ, ತಂಪಿನಲ್ಲಿ ನಿಧಾನ. ಇನ್ನು ಹೊರಗಿನ ಸಿಪ್ಪೆ. ಅದು ಎಲ್ಲೂ ಬಿಡದೆ ಮುಚ್ಚಿಕೊಂಡಿರುವಷ್ಟು ದಿನ ಬೂಷ್ಟು, ಬ್ಯಾಕ್ಟೀರಿಯಾ ಒಳಗೆ ಹೋಗುವುದು ಕಷ್ಟ. ಎಲ್ಲಿ ಗೀರು ಬಿತ್ತೋ, ಎಲ್ಲಿ ತೊಟ್ಟು ಕಿತ್ತು ಬಂತೋ, ಕೊಳೆ ಶುರುವಾಗೋದು ಅಲ್ಲಿಂದಲೇ. ಹಾಗಾಗಿ ಇಡುವ ವಿದ್ಯೆ ಅಂದರೆ ಇಷ್ಟೇ: ಉಸಿರಾಟ ನಿಧಾನ ಮಾಡಿ, ಸಿಪ್ಪೆ ಕಾಪಾಡಿ.

ತೊಟ್ಟು ನೋಡಿ ಜಾತಿ ಹೇಳಬಹುದು

ಅಡುಗೆಗೆ ಬರುವ ಕುಂಬಳಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಹೆಸರು ಬಾಯಿ ತಿರುಗುವಂಥದ್ದಲ್ಲ, ಆದರೂ ಒಮ್ಮೆ ಹೇಳಿಬಿಡುತ್ತೇನೆ: ಕುಕುರ್ಬಿಟಾ ಪೆಪೊ, ಕುಕುರ್ಬಿಟಾ ಮ್ಯಾಕ್ಸಿಮಾ, ಕುಕುರ್ಬಿಟಾ ಮೊಸ್ಕಾಟಾ. ಮೂರರ ತವರೂ ಅಮೆರಿಕ ಖಂಡಗಳೇ. ಪೆಪೊ ಜಾತಿಯನ್ನು ಜನ ಬೆಳೆಸಲು ಶುರು ಮಾಡಿ ಸುಮಾರು 10,000 ವರ್ಷ ಆಯಿತು ಅನ್ನೋದು ಮೆಕ್ಸಿಕೊದ ಓಹಾಕಾದಲ್ಲಿರುವ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ ಬೀಜಗಳಿಂದ ಗೊತ್ತಾಗಿದೆ. ಅಷ್ಟು ಹಿಂದಿನಿಂದ ಜನ ಇದನ್ನು ಬಿಡದೆ ಬೆಳೆಸಿಕೊಂಡು ಬಂದಿದ್ದಾರೆ ಅಂದರೆ, ಇಟ್ಟರೆ ಉಳಿಯುತ್ತದೆ ಅನ್ನೋ ಗುಣಕ್ಕೂ ಅದರಲ್ಲಿ ಪಾಲಿರಬೇಕು.

ಕೊಳ್ಳುವಾಗ ಈ ಹೆಸರುಗಳನ್ನು ಯಾರೂ ಹೇಳುವುದಿಲ್ಲ, ಆದರೆ ತೊಟ್ಟು ಹೇಳುತ್ತದೆ. ತೊಟ್ಟು ದಪ್ಪಗೆ ದುಂಡಗಿದ್ದು, ಮುಟ್ಟಿದರೆ ಬೆಂಡಿನಂತೆ ಮೆದುವಾಗಿದ್ದರೆ ಅದು ಮ್ಯಾಕ್ಸಿಮಾ. ತೊಟ್ಟು ಗಟ್ಟಿಯಿದ್ದು, ಉದ್ದಕ್ಕೂ ಚೂಪಾದ ಏಣುಗಳಿದ್ದರೆ ಪೆಪೊ. ಗಟ್ಟಿಯೇ ಇದ್ದು, ಐದು ಮೂಲೆಯಿದ್ದು, ಕಾಯಿಗೆ ಸೇರುವ ಜಾಗದಲ್ಲಿ ಅಗಲವಾಗಿ ಹರಡಿಕೊಂಡಿದ್ದರೆ ಮೊಸ್ಕಾಟಾ. ಒಂದೆರಡು ಸಲ ಗಮನಿಸಿದರೆ ಸಾಕು, ಆಮೇಲೆ ದೂರದಿಂದಲೇ ಗೊತ್ತಾಗುತ್ತದೆ.

ಇದರಿಂದ ಏನು ಉಪಯೋಗ ಅಂತೀರಾ? ಜಾತಿ ಗೊತ್ತಾದರೆ ತಿರುಳು ಹೇಗಿರುತ್ತದೆ, ಎಷ್ಟು ದಿನ ಉಳಿಯುತ್ತದೆ ಅನ್ನೋದು ಹೆಚ್ಚುಕಡಿಮೆ ಗೊತ್ತಾದ ಹಾಗೆಯೇ. ಬಟರ್‌ನಟ್ ಅಂತ ಕರೆಯುವ, ಉದ್ದ ಕತ್ತಿನ ತಿಳಿಕಂದು ಕಾಯಿ ಮೊಸ್ಕಾಟಾ ಗುಂಪಿನದು. ತಿರುಳು ನುಣುಪು, ನಾರು ಕಡಿಮೆ, ಇಟ್ಟರೆ ಚೆನ್ನಾಗಿ ಬಾಳುತ್ತದೆ, ಸಿಪ್ಪೆ ತೆಳ್ಳಗಿದ್ದು ಸುಲಿಯೋಕೂ ಸುಲಭ. ಸೂಪಿಗೆ ಇದಕ್ಕಿಂತ ಒಳ್ಳೆಯದು ಬೇಡ. ಕಬೋಚಾ, ಹಬರ್ಡ್, ಹೊಕ್ಕೈಡೊ ಇವೆಲ್ಲ ಮ್ಯಾಕ್ಸಿಮಾ. ತಿರುಳು ದಟ್ಟ, ಬೆಂದ ಮೇಲೆ ಹಿಟ್ಟುಹಿಟ್ಟಾಗಿ ಒಡೆಯುವಂಥದ್ದು, ಸಿಹಿಯೂ ಜಾಸ್ತಿ. ಸುಟ್ಟು ತಿನ್ನೋಕೆ, ಹಬೆಯಲ್ಲಿ ಬೇಯಿಸೋಕೆ ನನ್ನ ಲೆಕ್ಕದಲ್ಲಿ ಇವೇ ಮೇಲು. ಎಕಾರ್ನ್, ಡೆಲಿಕಾಟಾ, ಸ್ಪಗೆಟಿ ಮತ್ತು ಚಿಕ್ಕ ಕಿತ್ತಳೆ ಬಣ್ಣದ ದುಂಡು ಕಾಯಿಗಳು ಪೆಪೊ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಬಹಳಷ್ಟನ್ನು ಬೇಗ ಬಳಸಿಬಿಡಬೇಕು. ಅಲಂಕಾರಕ್ಕೆ, ಕೆತ್ತೋಕೆ ಅಂತಲೇ ಬೆಳೆಸಿದ ದೊಡ್ಡ ದೊಡ್ಡ ಕಾಯಿಗಳೂ ಹೆಚ್ಚಾಗಿ ಪೆಪೊ. ತಿನ್ನೋಕೆ ಬರಲ್ಲ ಅಂತೇನಿಲ್ಲ, ಆದರೆ ನೀರುನೀರು, ನಾರುನಾರು, ಸಪ್ಪೆ. ಅಡುಗೆಗೆ ಅದನ್ನು ತರೋದು ಸುಮ್ನೆ ಭಾರ ಹೊತ್ತಂತೆ.

ಕೈಯಲ್ಲಿ ಹಿಡಿದು ನೋಡುವಾಗ

ಮೊದಲು ತೊಟ್ಟು. ಒಣಗಿ ಗಟ್ಟಿಯಾಗಿರಬೇಕು. ಇನ್ನೂ ಹಸಿರಾಗಿ ರಸಭರಿತವಾಗಿದ್ದರೆ ಕಾಯಿ ಬಲಿಯುವ ಮೊದಲೇ ಕೊಯ್ದಿರಬಹುದು. ತೊಟ್ಟು ಕಾಯಿಗೆ ಸೇರುವ ಸುತ್ತಿನ ಭಾಗವನ್ನು ಬೆರಳಿಂದ ಸವರಿ ನೋಡಿ, ಅಲ್ಲಿ ಮೆತ್ತಗಿದ್ದರೆ, ತೇವ ಇದ್ದರೆ, ಬಿಳಿ ಬೂಷ್ಟು ಹಿಡಿದಿದ್ದರೆ ವಾಪಸ್ ಇಟ್ಟುಬಿಡಿ. ತೊಟ್ಟೇ ಇಲ್ಲದ, ಕಿತ್ತು ಗುಂಡಿ ಬಿದ್ದ ಕಾಯಿ ಇವತ್ತೇ ಕತ್ತರಿಸೋದಾದರೆ ಪರವಾಗಿಲ್ಲ. ಇಡೋಕೆ ಮಾತ್ರ ಅಂಥದ್ದು ಖಂಡಿತ ಬೇಡ.

ಕಾಯಿಯನ್ನು ತಿರುಗಿಸಿ ಇನ್ನೊಂದು ತುದಿ ನೋಡಿ. ಹೂವು ಅಂಟಿಕೊಂಡಿದ್ದ ಆ ತುದಿಯಲ್ಲಿ ಚಿಕ್ಕದೊಂದು ಗುರುತು ಇರುತ್ತದೆ. ಅಲ್ಲಿ ಹೆಬ್ಬೆರಳಿಂದ ಒತ್ತಿ. ಎಲ್ಲರೂ ತೊಟ್ಟು ನೋಡುತ್ತಾರೆ, ಇದನ್ನು ನೋಡುವವರು ಕಡಿಮೆ. ಕೊಳೆ ಶುರುವಾದ ಎಷ್ಟೋ ಕಾಯಿಗಳಲ್ಲಿ ಮೊದಲು ಮೆತ್ತಗಾಗುವ ಜಾಗ ಅದೇ. ಸ್ವಲ್ಪ ಕುಗ್ಗಿದರೂ ಬೇಡ.

ಆಮೇಲೆ ಸಿಪ್ಪೆ. ಬಲಿತ ಕಾಯಿಯ ಸಿಪ್ಪೆ ಮಂಕಾಗಿರುತ್ತದೆ, ಹೊಳೆಯುವುದಿಲ್ಲ. ಫಳಫಳ ಹೊಳೆಯುವ ಕಾಯಿ ನೋಡೋಕೆ ಚೆಂದ, ಆದರೆ ಬಹಳ ಸಲ ಅದು ಎಳಸು ಅಥವಾ ಮೇಲೆ ಮೇಣ ಸವರಿದ್ದು. ಉಗುರಿನಿಂದ ಮೆಲ್ಲಗೆ ಒತ್ತಿದರೆ ಗುರುತು ಬೀಳಬಾರದು. ಉಗುರು ಸುಲಭವಾಗಿ ಇಳಿದು ನೀರು ಒಸರಿದರೆ ಅದು ಇಡುವ ಕಾಯಿಯಲ್ಲ. ಒಂದು ಮಾತು: ಒತ್ತಿ ನೋಡಿ ಅಂದೆ, ಚುಚ್ಚಿ ಅಂತ ಹೇಳಲಿಲ್ಲ. ನೀವು ಉಗುರು ಇಳಿಸಿ ಬಿಟ್ಟುಬಂದ ಕಾಯಿ ಇನ್ನೊಬ್ಬರ ಮನೆಯಲ್ಲಿ ಅದೇ ಜಾಗದಿಂದ ಕೊಳೆಯುತ್ತದೆ, ಅಲ್ವಾ?

ನೆಲಕ್ಕೆ ಒರಗಿ ಬೆಳೆದ ಕಡೆ ಒಂದು ಮಚ್ಚೆ ಇರುತ್ತದೆ. ಅದಕ್ಕೆ ಹೆದರಬೇಡಿ, ಇರಬೇಕಾದದ್ದೇ ಅದು. ಆ ಮಚ್ಚೆ ಕೆನೆ ಬಣ್ಣದಿಂದ ಹಳದಿ ಅಥವಾ ಕಿತ್ತಳೆಗೆ ತಿರುಗಿದ್ದರೆ ಕಾಯಿ ಬಲಿತಿದೆ. ಬೆಳ್ಳಗೆ, ತಿಳಿಹಸಿರಾಗಿ ಉಳಿದಿದ್ದರೆ ಇನ್ನೂ ಕಾಯಬೇಕಿತ್ತು. ಮಚ್ಚೆಯ ಜಾಗ ಒಣಗಿ ಗಟ್ಟಿಯಿರಬೇಕು ಅನ್ನೋದು ಮುಖ್ಯ. ಪೂರ್ತಿ ಕಾಯಿಯ ಬಣ್ಣವೂ ಅದರ ಜಾತಿಗೆ ತಕ್ಕ ಹಾಗೆ ತುಂಬಿರಬೇಕು. ಬಟರ್‌ನಟ್ ಮೇಲೆ ಹಸಿರು ಗೀರು ಉಳಿದಿದ್ದರೆ ಅದು ಪೂರ್ತಿ ಬಲಿತಿಲ್ಲ. ಕಬೋಚಾ ಮಾತ್ರ ಬಲಿತ ಮೇಲೂ ಕಡುಹಸಿರಾಗಿಯೇ ಇರುತ್ತದೆ, ಅದಕ್ಕೆ ಈ ಮಾತು ಅನ್ವಯಿಸಲ್ಲ.

ಕೆಲವು ಜಾತಿಗಳ ಮೇಲೆ ಬೂದಿ ಎರಚಿದಂತೆ ತೆಳುವಾದ ಬಿಳಿಪುಡಿ ಇರುತ್ತದೆ. ಬೂದುಕುಂಬಳದಷ್ಟು ದಟ್ಟವಾಗಿ ಇರಲ್ಲ, ಆದರೂ ಕೈಗೆ ಹತ್ತುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡದ್ದು ಇದೇ ಪುಡಿಯ ಭಯಕ್ಕೆ. ಅದು ಕಾಯಿಯದ್ದೇ ಮೇಣ, ಔಷಧಿ ಹೊಡೆದದ್ದಲ್ಲ, ಬೂಷ್ಟೂ ಅಲ್ಲ. ಇಡುವ ಕಾಯಿಯಾದರೆ ಒರೆಸಿ ತೆಗೆಯದಿರುವುದೇ ಒಳ್ಳೆಯದು. ಹಾಗೆಯೇ ಬಳ್ಳಿಯಲ್ಲಿರುವಾಗ ಆಗಿ ಮಾಗಿದ ಗಾಯ, ಒಣಗಿ ಬೆಂಡಾದ ಗೀರು, ಕೆಲವು ತಳಿಗಳಲ್ಲಿ ಏಳುವ ಗಂಟು, ಇವುಗಳಿಂದ ಏನೂ ತೊಂದರೆಯಿಲ್ಲ. ಗೀರಿನ ಒಳಗೆ ತೇವ ಇದೆಯಾ, ಅಂಚು ಕಪ್ಪಗಿದೆಯಾ, ಅಷ್ಟು ನೋಡಿ.

ತೂಕ. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿದರೆ ಭಾರದ್ದು ಬೇಕು. ಹಗುರ ಅಂದರೆ ನೀರು ಆರಿದೆ, ಒಳಗೆ ಪೊಳ್ಳು ಜಾಸ್ತಿ, ನಾರು ಬಿಟ್ಟುಕೊಂಡಿದೆ. ತಟ್ಟಿ ನೋಡಿ ಶಬ್ದ ಕೇಳುವ ಅಭ್ಯಾಸವೂ ಇದೆ, ಬಲಿತದ್ದು ಟೊಳ್ಳು ಶಬ್ದ ಕೊಡುತ್ತದೆ ಅಂತಾರೆ. ಕೊಡುತ್ತದೆ ನಿಜ. ಆದರೆ ಜಾತಿಯಿಂದ ಜಾತಿಗೆ ತಿರುಳಿನ ದಪ್ಪ ಬೇರೆ, ಶಬ್ದವೂ ಬೇರೆ, ಆದ್ದರಿಂದ ಬರೀ ಅದನ್ನೇ ನಂಬಿ ಆರಿಸಬೇಡಿ. ತೊಟ್ಟು, ಉಗುರು, ಮಚ್ಚೆ ಮೂರೂ ಸರಿಯಿದ್ದರೆ ತಟ್ಟುವ ಅಗತ್ಯವೇ ಇಲ್ಲ.

ಗಾತ್ರದ ಬಗ್ಗೆ ನನ್ನದೊಂದು ಹಟ ಇದೆ. ಒಂದು ದೊಡ್ಡದರ ಬದಲು ಎರಡು ಚಿಕ್ಕದು ತನ್ನಿ. ಕತ್ತರಿಸಿದ ಕ್ಷಣವೇ ಇಡುವ ಗುಣ ಹೋಯಿತು, ಆಮೇಲೆ ಎಲ್ಲ ದಿನಗಳ ಲೆಕ್ಕವೇ. ಎರಡು ಹೊತ್ತಿನ ಅಡುಗೆಗೆ ಮುಗಿಯುವಂಥ ಕಾಯಿ ಇದ್ದರೆ ಫ್ರಿಜ್‌ನಲ್ಲಿ ಅರ್ಧ ಹೋಳು ಒಣಗುತ್ತಾ ಕೂರುವ ಪ್ರಸಂಗವೇ ಬರಲ್ಲ. ಸಿಪ್ಪೆ, ಬೀಜ, ನಾರು ತೆಗೆದರೆ 1 ಕಿಲೋ ಕಾಯಿಯಲ್ಲಿ ಅಂದಾಜು 650ರಿಂದ 750 ಗ್ರಾಂ ತಿರುಳು ಉಳಿಯುತ್ತದೆ. ಆ ಲೆಕ್ಕದಲ್ಲಿ ಕೊಳ್ಳಿ.

ಹೋಳು ಮಾಡಿ ಮಾರುವುದನ್ನು ಕೊಳ್ಳುತ್ತೀರಾದರೆ ಒಂದು ಅನುಕೂಲ, ಒಳಗೆ ಏನಿದೆ ಅಂತ ಕಣ್ಣಿಗೇ ಕಾಣುತ್ತದೆ. ತಿರುಳಿನ ಬಣ್ಣ ಗಾಢವಾಗಿರಲಿ. ಆ ಕಿತ್ತಳೆ ಬಣ್ಣ ಬರೋದು ಕೆರೋಟಿನ್‌ನಿಂದ. ಬೀಜ ನೋಡೋದು ಮರೀಬೇಡಿ: ದುಂಡಗೆ ತುಂಬಿಕೊಂಡ ಬೀಜ ಅಂದರೆ ಕಾಯಿ ಬಲಿತಿತ್ತು, ಚಪ್ಪಟೆಯಾಗಿ ಕಾಗದದಂತಿದ್ದರೆ ಎಳಸಿನಲ್ಲೇ ಕೊಯ್ದದ್ದು. ಅಂಚು ಒಣಗಿ ಬಿಳಿಚಿಕೊಂಡಿದ್ದರೆ ಕತ್ತರಿಸಿ ಬಹಳ ಹೊತ್ತಾಗಿದೆ. ಬೀಜದ ಸುತ್ತಲಿನ ನಾರು ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ ಕೊಳ್ಳಬೇಡಿ. ಹೋಳಿನ ವಿಷಯದಲ್ಲಿ ತಂಪಾದ ಜಾಗದಲ್ಲಿ ಮುಚ್ಚಿಟ್ಟದ್ದನ್ನೇ ಆರಿಸಿ.

ಎಳೆ ಕಾಯಿ ಬೇಕು ಅನ್ನುವವರೂ ಇದ್ದಾರೆ. ಅದು ಬೇರೆಯೇ ತರಕಾರಿ ಅಂದುಕೊಳ್ಳಿ. ಸಿಪ್ಪೆ ಸಮೇತ ಬೇಯುತ್ತದೆ, ಸಿಹಿ ಕಡಿಮೆ, ಇಡೋಕೆ ಬರಲ್ಲ. ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಿ.

ಮನೆಗೆ ತರುವಾಗ ತೊಟ್ಟು ಹಿಡಿದು ಎತ್ತಬೇಡಿ. ಅದು ಹಿಡಿಕೆ ಅಲ್ಲ. ಭಾರಕ್ಕೆ ತೊಟ್ಟು ಬುಡದಲ್ಲಿ ಬಿರುಕು ಬಿಡುತ್ತದೆ, ಬಿರುಕು ಕಣ್ಣಿಗೆ ಕಾಣದಿದ್ದರೂ ಕೊಳೆಗೆ ಅಷ್ಟು ಸಾಕು. ತಳಕ್ಕೆ ಕೈ ಕೊಟ್ಟು ಎತ್ತಿ, ಕುಕ್ಕದೆ ಇಡಿ. ಸಿಪ್ಪೆ ಕಲ್ಲಿನಂತಿದ್ದರೂ ಬಿದ್ದ ಕಾಯಿಯ ತಿರುಳು ಒಳಗೇ ಜಜ್ಜಿಹೋಗುತ್ತದೆ. ಹೊರಗೆ ಏನೂ ತಿಳಿಯಲ್ಲ, ಎರಡು ವಾರ ಬಿಟ್ಟು ಆ ಜಾಗ ಮೆತ್ತಗಾಗುತ್ತದೆ.

ಸ್ವಂತ ಬಳ್ಳಿ ಇದ್ದರೆ

ಬಳ್ಳಿ ಮನೆಯದೇ ಆದರೆ ಕೊಯ್ಲಿನ ಸಮಯ ನಿಮ್ಮ ಕೈಯಲ್ಲೇ ಇದೆ. ಕಾಯಿ ಕಚ್ಚಿದ ಮೇಲೆ ಪೂರ್ತಿ ಬಲಿಯೋಕೆ ಸಾಮಾನ್ಯವಾಗಿ 45ರಿಂದ 60 ದಿನ ಬೇಕು. ತೊಟ್ಟಿನ ಹತ್ತಿರದ ಬಳ್ಳಿ ಒಣಗತೊಡಗಿದೆ, ಸಿಪ್ಪೆಗೆ ಉಗುರು ಇಳಿಯಲ್ಲ ಅಂದಾಗ ಕೊಯ್ಯಿರಿ. ಕೀಳಬೇಡಿ, ತಿರುಚಬೇಡಿ. ಹರಿತವಾದ ಕತ್ತರಿಯಿಂದ 5ರಿಂದ 10 ಸೆಂಟಿಮೀಟರ್ ತೊಟ್ಟು ಉಳಿಸಿ ಕತ್ತರಿಸಿ. ಮಂಜು ಹೆಪ್ಪುಗಟ್ಟುವ ಚಳಿ ಬೀಳುವ ಕಡೆಗಳಲ್ಲಿ ಅದಕ್ಕೂ ಮೊದಲೇ ಒಳಗೆ ತರಬೇಕು, ಹಿಮ ಹೊಡೆದ ಕಾಯಿ ಉಳಿಯುವುದಿಲ್ಲ. ಮಳೆ ಬಂದ ಮಾರನೇ ದಿನ ಕೊಯ್ಯೋದಕ್ಕಿಂತ ಒಣ ಹವೆ ಬರುವವರೆಗೆ ಕಾಯುವುದು ಒಳ್ಳೆಯದು.

ಕೊಯ್ದ ತಕ್ಷಣ ತಂಪಿನಲ್ಲಿ ಇಡುವಂತಿಲ್ಲ. ಮೊದಲು ಹದ ಮಾಡಬೇಕು. 27ರಿಂದ 29 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿ ಸುಮಾರು 10 ದಿನ ಬಿಟ್ಟರೆ ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ, ಸಣ್ಣಪುಟ್ಟ ಗೀರು ಮಾಗುತ್ತದೆ, ತೊಟ್ಟು ಕತ್ತರಿಸಿದ ತುದಿ ಒಣಗಿ ಮುಚ್ಚಿಕೊಳ್ಳುತ್ತದೆ. ಒಣ ಹವೆ ಇದ್ದರೆ ಹೊಲದಲ್ಲೇ ಬಿಟ್ಟರೂ ಆಯಿತು, ರಾತ್ರಿ ಇಬ್ಬನಿ ಬೀಳದಂತೆ ಏನಾದರೂ ಹೊದಿಸಿ. ಎಕಾರ್ನ್ ಮಾತ್ರ ಇದಕ್ಕೆ ಹೊರತು. ಅದನ್ನು ಬೆಚ್ಚಗೆ ಇಟ್ಟರೆ ರುಚಿ ಕೆಟ್ಟು ಬೇಗ ಹಾಳಾಗುತ್ತದೆ, ನೇರ ತಂಪಿಗೆ ಹಾಕಿ.

ಮಣ್ಣು ಮೆತ್ತಿಕೊಂಡಿದ್ದರೆ ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ತೊಳೆಯಲೇಬೇಕಾದರೆ ತೊಳೆದು ಕೂಡಲೇ ಪೂರ್ತಿ ಒಣಗಿಸಿ, ಅದರಲ್ಲೂ ತೊಟ್ಟಿನ ಬುಡದ ಗುಣಿಯಲ್ಲಿ ನೀರು ನಿಲ್ಲದಂತೆ. ಬಹಳ ದಿನ ಇಡುವವರು ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಮೇಲ್ಮೈ ಒರೆಸುತ್ತಾರೆ, ಸಿಪ್ಪೆಯ ಮೇಲಿನ ಬೂಷ್ಟಿನ ಬೀಜಾಣು ಸಾಯಲಿ ಅಂತ. ಹತ್ತಾರು ಕಾಯಿ ಕೂಡಿಡುವವರಿಗೆ ಅದು ಸರಿ. ಎರಡು ಕಾಯಿಗೆ ಇಷ್ಟೆಲ್ಲ ಬೇಡ.

ಎಲ್ಲಿ ಇಡಬೇಕು

ಪುಸ್ತಕದ ಉತ್ತರ ಹೀಗಿದೆ: 10ರಿಂದ 13 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ತೇವ ಶೇಕಡ 50ರಿಂದ 70, ಕತ್ತಲು, ಗಾಳಿಯಾಟ. ನೆಲಮಾಳಿಗೆ ಇದ್ದವರಿಗೆ ಇದು ತಾನಾಗಿ ಸಿಗುತ್ತದೆ. ಉಳಿದವರಿಗೆ? ಮನೆಯಲ್ಲಿ ಬಿಸಿಲು ಬೀಳದ, ಒಲೆಯಿಂದ ದೂರದ, ಗೋಡೆಯಲ್ಲಿ ತೇವ ಇಲ್ಲದ ಕಡೆ ಯಾವುದು ಅಂತ ಹುಡುಕಿ. ಮಂಚದ ಕೆಳಗೆ, ಉಗ್ರಾಣದ ಕೆಳಗಿನ ಹಲಗೆ, ಹೆಚ್ಚು ಬಳಸದ ಕೋಣೆ, ಯಾವುದಾದರೂ ಆದೀತು. 25 ಡಿಗ್ರಿ ಮೇಲೆ ಇರುವ ಮನೆಯಲ್ಲೂ ಬಲಿತ ಕಾಯಿ ಕೆಲವು ವಾರ ಚೆನ್ನಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಇರುತ್ತದೆ ಅನ್ನುವ ಭರವಸೆ ಬಿಟ್ಟುಬಿಡಿ, ತರುವಾಗಲೇ ಕಡಿಮೆ ತನ್ನಿ.

ಇಡೀ ಕಾಯಿಯನ್ನು ಫ್ರಿಜ್‌ಗೆ ತುರುಕಬೇಡಿ. ಕುಂಬಳಕ್ಕೆ 10 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರಲ್ಲ. ಫ್ರಿಜ್‌ನಲ್ಲಿರುವ ತನಕ ಚೆನ್ನಾಗಿಯೇ ಕಾಣುತ್ತದೆ, ಹೊರಗೆ ತೆಗೆದ ಮೇಲೆ ಸಿಪ್ಪೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಅಲ್ಲಿಂದ ಕೊಳೆತ ಸರಸರ ಹರಡುತ್ತದೆ. ಜನ ಆಗ ಕಾಯಿಯನ್ನೇ ದೂರುತ್ತಾರೆ, ತಪ್ಪು ಮಾತ್ರ ಚಳಿಯದು.

ಇಡುವ ರೀತಿಯೂ ಮುಖ್ಯ. ಬರಿ ಸಿಮೆಂಟ್ ನೆಲ ಬೇಡ, ಅಡಿಯಲ್ಲಿ ತೇವ ಕಟ್ಟುತ್ತದೆ. ಹಲಗೆ, ರಟ್ಟು, ಒಣಹುಲ್ಲು, ಮಡಿಸಿದ ಗೋಣಿಚೀಲ ಏನಾದರೂ ಹಾಸಿ. ಒಂದರ ಮೇಲೊಂದು ಪೇರಿಸಬೇಡಿ, ಒಂದಕ್ಕೊಂದು ತಾಗದಂತೆ ಒಂದೇ ಸಾಲಿನಲ್ಲಿ ಇಡಿ. ಒಂದು ಕೊಳೆತರೆ ಪಕ್ಕದ್ದಕ್ಕೆ ಅಂಟಬಾರದು, ನಡುವೆ ಗಾಳಿ ಓಡಾಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರಂತೂ ಕಾಯಿ ಬಿಟ್ಟ ತೇವ ಅಲ್ಲೇ ನಿಂತು ಬೂಷ್ಟು ಖಾತ್ರಿ. ಸೇಬು, ಪೇರ್, ಬಾಳೆಹಣ್ಣು ಇರುವ ಬುಟ್ಟಿಯ ಪಕ್ಕವೂ ಬೇಡ. ಮಾಗುವ ಹಣ್ಣುಗಳು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಅದು ತಾಗಿದರೆ ಹಸಿರು ಸಿಪ್ಪೆಯ ಕುಂಬಳ ಹಳದಿ ತಿರುಗುತ್ತದೆ, ಇಡುವ ಅವಧಿಯೂ ಕಡಿಮೆಯಾಗುತ್ತದೆ.

ವಾರಕ್ಕೊಮ್ಮೆ ಎಲ್ಲವನ್ನೂ ಎತ್ತಿ ತಳ ನೋಡಿ. ಬರೀ ಮೇಲಿನಿಂದ ಇಣುಕಿ ನೋಡಿದರೆ ಆಗಲ್ಲ, ಕೆಡೋದು ಕಾಣದ ಕಡೆಯೇ. ಕೈಗೆ ಅಂಟು ಹತ್ತಿದರೆ, ನೀರಿನ ಹನಿ ಒಸರಿದ್ದರೆ, ಒಂದು ಕಡೆ ಬೆರಳು ಒತ್ತಿದಾಗ ಕುಗ್ಗಿದರೆ ಅದನ್ನು ಆ ಸಾಲಿನಿಂದ ತೆಗೆದು ಆವತ್ತೇ ಕತ್ತರಿಸಿ ನೋಡಿ. ಸಿಪ್ಪೆ ಮೇಲಷ್ಟೇ ಸಣ್ಣ ಒಣ ಕಲೆ, ಒಳಗೆ ತಿರುಳು ಗಟ್ಟಿ, ವಾಸನೆ ಶುದ್ಧ ಅಂದರೆ ಕಲೆಯ ಸುತ್ತ ಧಾರಾಳವಾಗಿ ಕತ್ತರಿಸಿ ತೆಗೆದು ಉಳಿದದ್ದು ಬಳಸಬಹುದು. ತಿರುಳೇ ಮೆತ್ತಗಾಗಿ ನೀರು ಬಿಟ್ಟಿದ್ದರೆ, ಒಳಗೆ ಬೂಷ್ಟು ಕಂಡರೆ, ಲೋಭ ಬೇಡ. ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿ.

ಎಷ್ಟು ದಿನ, ರುಚಿ ಏನಾಗುತ್ತದೆ

ಸರಿಯಾದ ತಂಪಿನಲ್ಲಿ ಇಟ್ಟರೆ ಎಕಾರ್ನ್ 5ರಿಂದ 8 ವಾರ, ಸಾಮಾನ್ಯ ಕಿತ್ತಳೆ ಕುಂಬಳ 2ರಿಂದ 3 ತಿಂಗಳು, ಬಟರ್‌ನಟ್ ಕೂಡ 2ರಿಂದ 3 ತಿಂಗಳು, ಹಬರ್ಡ್ ಥರದ ದಪ್ಪ ಸಿಪ್ಪೆಯವು 5ರಿಂದ 6 ತಿಂಗಳು. ಸೆಕೆಯ ಮನೆಯಲ್ಲಿ ಇವೆಲ್ಲ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ಹಲವು ಬಗೆ ಒಟ್ಟಿಗೆ ತಂದಿದ್ದರೆ ತೆಳು ಸಿಪ್ಪೆಯವನ್ನು ಮೊದಲು ಮುಗಿಸಿ. ತಂದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಿ, ನೆನಪು ನಂಬೋ ಹಾಗಿಲ್ಲ.

ಇನ್ನು ರುಚಿ. ಹೊಸದಾಗಿ ಕೊಯ್ದದ್ದೇ ಯಾವಾಗಲೂ ರುಚಿ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕಬೋಚಾದಂಥ ಮ್ಯಾಕ್ಸಿಮಾ ಕಾಯಿಗಳಲ್ಲಿ ಕೊಯ್ದ ಹೊಸತರಲ್ಲಿ ಪಿಷ್ಟ ಜಾಸ್ತಿ, ಸಿಹಿ ಕಡಿಮೆ, ಬೇಯಿಸಿದರೆ ಗಂಟಲಿಗೆ ಹಿಡಿಯುವಷ್ಟು ಒಣ. ಕೆಲವು ವಾರ ಇಟ್ಟರೆ ಪಿಷ್ಟ ಸಕ್ಕರೆಯಾಗಿ, ತಿರುಳು ಸ್ವಲ್ಪ ಸಡಿಲವಾಗಿ, ಆಗ ಅದರ ನಿಜವಾದ ರುಚಿ ಬರುತ್ತದೆ. ಬಟರ್‌ನಟ್ ಕೂಡ ಸ್ವಲ್ಪ ಕಾದರೆ ಸಿಹಿಯಾಗುತ್ತದೆ. ಆದರೆ ಇದಕ್ಕೂ ಒಂದು ತುದಿ ಇದೆ. ಅತಿಯಾಗಿ ಇಟ್ಟರೆ ಸಕ್ಕರೆಯೂ ಖರ್ಚಾಗಿ ತಿರುಳು ಸಪ್ಪೆ, ನಾರುನಾರು, ನೀರುನೀರು. ಒಡೆದಾಗ ಒಳಗೆ ಬೀಜ ಮೊಳಕೆಯೊಡೆದಿದ್ದರೆ ಅವಧಿ ದಾಟಿದೆ ಅಂತ ತಿಳಿಯಿರಿ. ತಿರುಳು ಗಟ್ಟಿಯಿದ್ದು ಕಹಿ ಇಲ್ಲದಿದ್ದರೆ ಬಳಸಬಹುದು, ಸುಟ್ಟು ತಿನ್ನುವುದಕ್ಕಿಂತ ಅರೆದು ಸೂಪಿಗೆ ಹಾಕುವುದು ಮೇಲು.

ಕಹಿ ಅಂದಾಗ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತಗೋಬೇಡಿ. ಕುಂಬಳ, ಸೋರೆ, ಸೌತೆ ಇವೆಲ್ಲ ಒಂದೇ ಕುಟುಂಬ, ಇವುಗಳಲ್ಲಿ ಕುಕುರ್ಬಿಟಸಿನ್ ಅನ್ನುವ ಕಹಿ ವಸ್ತು ಬರಬಹುದು. ಅಡುಗೆ ತಳಿಗಳಲ್ಲಿ ಅದು ಬಹುಮಟ್ಟಿಗೆ ಇರುವುದಿಲ್ಲ, ಆದರೆ ಅಲಂಕಾರದ ಕಾಯಿಗಳ ಪಕ್ಕ ಬೆಳೆದ ಬಳ್ಳಿಯಿಂದ ಬೀಜ ಉಳಿಸಿ ಬಿತ್ತಿದರೆ ಅಡ್ಡತಳಿಯಾಗಿ ಆ ಕಹಿ ಬರಬಹುದು. ಬೇಯಿಸಿದರೆ ಹೋಗಲ್ಲ. ಸಕ್ಕರೆ ಹಾಕಿದರೂ ಹೋಗಲ್ಲ. ಹೊಟ್ಟೆನೋವು, ವಾಂತಿ, ಭೇದಿ ತರುತ್ತದೆ. ಹಸಿ ತಿರುಳಿನ ಸಣ್ಣ ಚೂರು ನಾಲಗೆಯ ತುದಿಗೆ ಇಟ್ಟು ನೋಡಿ, ಕಹಿ ಅನಿಸಿದರೆ ಉಗುಳಿ, ಇಡೀ ಕಾಯಿ ಎಸೆಯಿರಿ.

ಕತ್ತರಿಸುವಾಗ, ಕತ್ತರಿಸಿದ ಮೇಲೆ

ಗಟ್ಟಿ ಕಾಯಿ ಕತ್ತರಿಸುವಾಗ ಕೈ ಕುಯ್ದುಕೊಳ್ಳುವವರು ಬಹಳ. ಕಾರಣ ಒಂದೇ, ಕಾಯಿ ಉರುಳುತ್ತದೆ. ಮೊದಲು ತಳದಿಂದ ಒಂದು ತೆಳು ಬಿಲ್ಲೆ ತೆಗೆದು ಅದನ್ನು ನೆಟ್ಟಗೆ ನಿಲ್ಲಿಸಿ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಕಿದರೆ ಹಲಗೆಯೂ ಜಾರಲ್ಲ. ತೊಟ್ಟಿನ ಮೇಲೆಯೇ ಚಾಕು ಇಟ್ಟು ಗುದ್ದಾಡಬೇಡಿ, ತೊಟ್ಟಿನ ಪಕ್ಕದಿಂದ ಚಾಕು ಇಳಿಸಿ. ಸಿಪ್ಪೆ ಮಣಿಯದಿದ್ದರೆ ನಾಲ್ಕು ಕಡೆ ಚುಚ್ಚಿ ಮೈಕ್ರೋವೇವ್‌ನಲ್ಲಿ 2–3 ನಿಮಿಷ ಬಿಸಿ ಮಾಡಿ, ಸಡಿಲವಾಗುತ್ತದೆ. ಇಲ್ಲವೇ ಎರಡು ಹೋಳು ಮಾಡಿ, ಸಿಪ್ಪೆ ಸಮೇತ, ಕತ್ತರಿಸಿದ ಮುಖ ಕೆಳಗಾಗಿ 200 ಡಿಗ್ರಿ ಓವನ್‌ನಲ್ಲಿ 40ರಿಂದ 60 ನಿಮಿಷ ಬೇಯಿಸಿ ಚಮಚದಿಂದ ತಿರುಳು ಕೆರೆದುಕೊಳ್ಳಿ. ಸುಲಿಯುವ ಕೆಲಸವೇ ತಪ್ಪುತ್ತದೆ. ಹೊಕ್ಕೈಡೊ, ಡೆಲಿಕಾಟಾ, ಕಬೋಚಾ ಆದರೆ ಸಿಪ್ಪೆ ಬೆಂದು ಮೆತ್ತಗಾಗುತ್ತದೆ, ಹಾಗೇ ತಿನ್ನಬಹುದು. ಬಟರ್‌ನಟ್ ಸುಲಿಯುವಾಗ ಅಂಗೈ ಬಿಗಿದಂತಾಗಿ ಚರ್ಮ ಸುಕ್ಕುಗಟ್ಟಿದರೆ ಅದು ಅದರ ರಸದ ಕೆಲಸ, ಕೈಗವಸು ಹಾಕಿಕೊಂಡರೆ ಕಾಟ ಇಲ್ಲ.

ಕತ್ತರಿಸಿದ ಹೋಳನ್ನು ಹಾಗೇ ಇಡಬೇಡಿ. ಮೊದಲು ಬೀಜ, ನಾರು ಎಲ್ಲ ಕೆರೆದು ತೆಗೆಯಿರಿ, ಬೇಗ ಕೆಡುವುದು ಆ ಒದ್ದೆ ನಾರಿನ ಭಾಗವೇ. ಸಿಪ್ಪೆ ಬೇಕಾದರೆ ಇರಲಿ. ಕತ್ತರಿಸಿದ ಮುಖಕ್ಕೆ ಬಿಗಿಯಾಗಿ ಹಾಳೆ ಸುತ್ತಿ ಅಥವಾ ಡಬ್ಬದಲ್ಲಿ ಮುಚ್ಚಿ ಫ್ರಿಜ್‌ನಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿಟ್ಟರೆ 3ರಿಂದ 5 ದಿನ. ಹೊರಗೆ 2 ಗಂಟೆಗಿಂತ ಹೆಚ್ಚು ಹೊತ್ತು ಬಿಡಬೇಡಿ. ಬೇಯಿಸಿದ ತಿರುಳಿಗೂ ಇದೇ ಲೆಕ್ಕ.

ಹೆಚ್ಚು ಇದ್ದರೆ ಫ್ರೀಜರ್. ಹಸಿ ಹೋಳನ್ನೂ ಫ್ರೀಜ್ ಮಾಡಬಹುದು, ಆದರೆ ಕರಗಿದ ಮೇಲೆ ಮೆತ್ತಗಾಗಿ ನೀರು ಬಿಡುತ್ತದೆ, ಸೂಪಿಗೆ ಬಿಟ್ಟರೆ ಬೇರೇನಕ್ಕೂ ಹೊಂದಲ್ಲ. ಬೇಯಿಸಿ, ಅರೆದು, ಪೂರ್ತಿ ತಣಿಸಿ ಇಡುವುದೇ ಚೆನ್ನ. ತಿರುಳು ತೆಳ್ಳಗಿದ್ದರೆ ಜರಡಿಯಲ್ಲಿ ಬಟ್ಟೆ ಹಾಸಿ ಸ್ವಲ್ಪ ಹೊತ್ತು ನೀರು ಬಸಿಯಲು ಬಿಡಿ. ಒಂದು ಅಡುಗೆಗೆ ಬೇಕಾದಷ್ಟೇ ಅಳತೆಯ ಡಬ್ಬ ತುಂಬಿ, ಹೆಪ್ಪುಗಟ್ಟುವಾಗ ಉಬ್ಬುತ್ತದೆ ಅಂತ ಮೇಲೆ 1–2 ಸೆಂಟಿಮೀಟರ್ ಜಾಗ ಬಿಡಿ. ಚೀಲದಲ್ಲಾದರೆ ಚಪ್ಪಟೆ ಮಾಡಿ ಇಡಿ, ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ 8ರಿಂದ 12 ತಿಂಗಳು ರುಚಿ ಕೆಡದೆ ಇರುತ್ತದೆ. ಕರಗಿಸುವುದು ಫ್ರಿಜ್‌ನಲ್ಲೇ ಆಗಲಿ.

ಅರೆದ ತಿರುಳನ್ನು ಬಾಟಲಿಯಲ್ಲಿ ತುಂಬಿ, ಕುದಿಯುವ ನೀರಿನಲ್ಲಿಟ್ಟು ಮುಚ್ಚಳ ಬಿಗಿದು ಕಪಾಟಿನಲ್ಲಿ ಇಡುತ್ತೇನೆ ಅನ್ನುವವರಿಗೆ ಖಡಾಖಂಡಿತವಾಗಿ ಬೇಡ ಅಂತ ಹೇಳುತ್ತೇನೆ. ಕುಂಬಳದಲ್ಲಿ ಹುಳಿ ಬಹಳ ಕಡಿಮೆ, ಹುಳಿ ಅಳೆಯುವ ಪಿಎಚ್ 4.6ಕ್ಕಿಂತ ಮೇಲೆ (ಈ ಅಂಕಿ ಹೆಚ್ಚಿದಷ್ಟೂ ಹುಳಿ ಕಡಿಮೆ). ಗಾಳಿಯಿಲ್ಲದ ಅಂಥ ಬಾಟಲಿಯಲ್ಲಿ ಬಾಟ್ಯುಲಿಸಂ ಅನ್ನುವ, ಪ್ರಾಣಕ್ಕೇ ಕುತ್ತಾಗಬಲ್ಲ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ವಾಸನೆ ನೋಟದಿಂದ ಅದು ಗೊತ್ತಾಗುವುದೇ ಇಲ್ಲ. ಅರೆದ ತಿರುಳು ಮಂದವಾದ್ದರಿಂದ ಪ್ರೆಷರ್ ಕ್ಯಾನರ್‌ನಲ್ಲೂ (ತುಂಬಿದ ಬಾಟಲಿಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸುವ ಪಾತ್ರೆ) ಬಿಸಿ ನಡುವಿನ ತನಕ ಒಂದೇ ಸಮ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ನೀರಿನಲ್ಲಿ ಮುಳುಗಿಸಿದ 2.5 ಸೆಂಟಿಮೀಟರ್ ಹೋಳುಗಳಿಗೆ ಮಾತ್ರ ಪರೀಕ್ಷಿಸಿದ ಪ್ರೆಷರ್ ವಿಧಾನ ಇದೆ. ಆ ಸಾಧನ ಇಲ್ಲದವರು ಫ್ರೀಜರ್‌ನಲ್ಲೇ ಇಡಿ.

ಬೀಜ ಎಸೆಯಬೇಡಿ. ನೀರಿನ ಬೋಗುಣಿಯಲ್ಲಿ ಹಾಕಿ ಕೈಯಾಡಿಸಿದರೆ ನಾರು ಬಿಟ್ಟುಕೊಂಡು ಬೀಜ ತೇಲುತ್ತದೆ. ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿ, ಉಪ್ಪು, ಸ್ವಲ್ಪ ಎಣ್ಣೆ ಸವರಿ 150 ಡಿಗ್ರಿಯಲ್ಲಿ 20–30 ನಿಮಿಷ ನಡುನಡುವೆ ತಿರುವುತ್ತಾ ಹುರಿಯಿರಿ. ಒದ್ದೆ ಬೀಜ ಹುರಿದರೆ ಗರಿಯಾಗದೆ ತೊಗಲು ತೊಗಲಾಗುತ್ತದೆ, ಅದಕ್ಕೇ ಒಣಗಿಸೋದು. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಬೀಜದಲ್ಲಿ ಎಣ್ಣೆ ಜಾಸ್ತಿ, ಬಹಳ ದಿನ ಹೊರಗಿಟ್ಟರೆ ಕಮಟು ವಾಸನೆ ಬರುತ್ತದೆ, ಹಾಗಾಗಿ ಒಂದೆರಡು ವಾರದಲ್ಲಿ ಮುಗಿಯದಷ್ಟು ಇದ್ದರೆ ಫ್ರಿಜ್‌ನಲ್ಲಿ ಇಡಿ.